ರಾಜಧಾನಿ ಎತ್ತಿಕೊಂಡು ಹೋದ ಸುಲ್ತಾನ, ಇಲ್ಲೇ ಉಳಿದ ನಾವು

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ನೆತ್ತಿ ಸುಡೋಕೆ ಶುರುವಾಗುವ ಹೊತ್ತಿಗೆ, ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ನೂರಾರು ಭಕ್ತರನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೊರಡ್ತಾರೆ. ಅವರು ಹೋಗುವುದು ಬೀದರ್ ಪಕ್ಕದ ಅಷ್ಟೂರಿಗೆ. ಅಲ್ಲಿ ಒಂದು ದೊಡ್ಡ ಗುಮ್ಮಟದೊಳಗೆ ಶಂಖ ಊದಿ, ಹೂವು ಏರಿಸಿ, ತೆಂಗಿನಕಾಯಿ ಒಡೆದು ಕೈಮುಗಿಯುತ್ತಾರೆ. ಒಳಗೆ ಮಲಗಿರುವವನು ಒಬ್ಬ ಬಹಮನಿ ಸುಲ್ತಾನ. ಮುಸ್ಲಿಮರಿಗೆ ಆತ ಅಹ್ಮದ್ ಶಾ ವಲಿ. ಮಾಡಿಯಾಳದಿಂದ ನಡೆದು ಬಂದ ಲಿಂಗಾಯತ ಭಕ್ತರಿಗೆ ಆತನೇ ಅಲ್ಲಮಪ್ರಭು.

ಕೋಮು ಸೌಹಾರ್ದದ ಉದಾಹರಣೆಯಾಗಿ ಈ ಉರುಸಿನ ಫೋಟೊಗಳನ್ನು ನೀವು ನೋಡಿರಬಹುದು. ಅದು ದೊಡ್ಡ ಮಾತೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಇವತ್ತು ಈ ಮನುಷ್ಯನ ಬದುಕನ್ನು ಬೇರೊಂದು ಕಾರಣಕ್ಕೆ ನೆನೆಯಬೇಕಿದೆ. ಕಲಬುರಗಿ ರಾಜಧಾನಿಯಾಗಿದ್ದಾಗ ಇಲ್ಲಿ ಪಟ್ಟಕ್ಕೆ ಬಂದವನು ಈತ. ಬರ ನೋಡಿದವನು, ಮಳೆಗಾಗಿ ಬೇಡಿದವನು, ಕೊನೆಗೆ ರಾಜಧಾನಿಯನ್ನೇ ಎತ್ತಿಕೊಂಡು ನೀರು, ಗಾಳಿ, ಗಿಡಮರ ಇದ್ದ ಬೀದರಿಗೆ ಹೋದವನು. ಅವನಿಗೆ ಹೋಗುವ ಆಯ್ಕೆ ಇತ್ತು. ನಮಗಿಲ್ಲ.

ಬರದ ಕಾಲದ ಹುಡುಗ

ಅಲಾವುದ್ದೀನ್ ಹಸನ್ ಬಹಮನ್ ಶಾ ಪಟ್ಟಕ್ಕೆ ಬಂದದ್ದು 1347ರಲ್ಲಿ. ಅಹ್ಮದ್ ಅವನ ವಂಶದ ಕುಡಿ. ಅವನ ಅಣ್ಣ ಫಿರೋಜ್. ಇಬ್ಬರ ಯೌವನ ಅರಮನೆಯ ಒಳಜಗಳದಲ್ಲೇ ಕಳೆಯಿತು. 1397ರಲ್ಲಿ ಒಂದೇ ವರ್ಷದೊಳಗೆ ಒಬ್ಬ ಸುಲ್ತಾನನ ಕಣ್ಣು ಕೀಳಲಾಯಿತು, ಇನ್ನೊಬ್ಬನನ್ನು ಇಳಿಸಲಾಯಿತು. ಅಪಾಯ ಕಂಡ ಅಣ್ಣತಮ್ಮ ಇಬ್ಬರೂ ಓಡಿ ಹೋಗಿ ಸೇರಿದ್ದು ಸಗರಕ್ಕೆ, ಅಂದರೆ ಇವತ್ತಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಸಗರಕ್ಕೆ. ಅಲ್ಲಿನ ಕೋಟೆಯ ಅಧಿಕಾರಿ ಅವರಿಗೆ ಆಸರೆ ಕೊಟ್ಟ. ಕೆಲವೇ ತಿಂಗಳಲ್ಲಿ ವಾಪಸ್ ಬಂದು ಫಿರೋಜ್ ಗದ್ದುಗೆ ಏರಿದ. ತಮ್ಮ ಅಹ್ಮದನಿಗೆ ಖಾನ್‌ಖಾನಾನ್ ಎಂಬ ಪದವಿ ಸಿಕ್ಕಿತು.

ಅವರು ಆಳತೊಡಗಿದ ಹೊತ್ತು ದಖನ್ನಿಗೆ ಒಳ್ಳೆಯದಾಗಿರಲಿಲ್ಲ. 1396ರ ಸುಮಾರಿಗೆ ಶುರುವಾಗಿ ಹತ್ತು ಹನ್ನೆರಡು ವರ್ಷ ಕಾಡಿತು ಎನ್ನಲಾಗುವ ದುರ್ಗಾದೇವಿ ಬರದ ಕಥೆ ಈ ಭಾಗದ ನೆನಪಿನಲ್ಲಿ ಬಹಳ ಕಾಲ ಉಳಿದಿತ್ತು. ಊರಿಗೆ ಊರೇ ಖಾಲಿಯಾದ ಕಥೆಗಳವು. ಅಹ್ಮದ್ ದೊಡ್ಡವನಾದದ್ದು ಇಂಥ ಕಾಲದಲ್ಲಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅವನ ನಿರ್ಧಾರಗಳು ಆಗ ಅರ್ಥ ಆಗುತ್ತವೆ.

ಅಣ್ಣ ಫಿರೋಜ್‌ಗೆ ಕಲಬುರಗಿ ಕೋಟೆಯೊಳಗೇ ಇರುವ ಮನಸ್ಸು ಇರಲಿಲ್ಲ. 1400ರ ಸುಮಾರಿಗೆ ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹೊಸ ಊರನ್ನೇ ಕಟ್ಟಿಸಿದ. ಸುತ್ತಲೂ ಎತ್ತರದ ಗೋಡೆ, ಒಳಗೆ ಅರಮನೆ, ಮಸೀದಿ, ಹಮಾಮು, ಬದಿಗೆ ನದಿ. ಕಲಬುರಗಿಯಲ್ಲಿ ಇಲ್ಲದೇ ಇದ್ದದ್ದು ಅದೊಂದೇ, ಹರಿಯುವ ನೀರು. ಇವತ್ತು ಫಿರೋಜಾಬಾದ್‌ನಲ್ಲಿ ಹಾಳು ಗೋಡೆಗಳ ನಡುವೆ ಹೊಲ ಉಳುತ್ತಾರೆ. ಊರು ಕಟ್ಟುವುದು ಬೇರೆ, ಊರನ್ನು ಉಳಿಸುವುದು ಬೇರೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಅದೇ ಸುಮಾರಿಗೆ ಖ್ವಾಜಾ ಬಂದಾನವಾಜ್ ಗೇಸುದರಾಜರು ದೆಹಲಿ ಬಿಟ್ಟು ಕಲಬುರಗಿಗೆ ಬಂದರು. ಮೊದಮೊದಲು ಫಿರೋಜ್ ಅವರನ್ನು ಆದರದಿಂದ ಬರಮಾಡಿಕೊಂಡ. ಆಮೇಲೆ ಇಬ್ಬರ ನಡುವೆ ಬಿರುಕು ಬಿತ್ತು. ಕೋಟೆ ಹತ್ತಿರ ಜನ ಸೇರುತ್ತಾರೆ ಅಂತ ಖಾನ್‌ಖಾಹ್ ಬೇರೆ ಕಡೆ ಹೋಗಬೇಕಾಯಿತು. ಅಹ್ಮದ್ ಮಾತ್ರ ಅವರ ಬಳಿ ಹೋಗುತ್ತಲೇ ಇದ್ದ. ತನ್ನ ನಂತರ ಮಗ ಹಸನ್ ಖಾನ್ ಬರಲಿ ಅಂತ ಫಿರೋಜ್ ಬಯಸಿದರೆ, ಗೇಸುದರಾಜರ ಒಲವು ಅಹ್ಮದನ ಕಡೆ ಇತ್ತು.

ಎತ್ತುಗಳು ಗೆದ್ದ ಯುದ್ಧ

1420ರ ಹೊತ್ತಿಗೆ ವಿಜಯನಗರದ ಎದುರು ಪಾನಗಲ್‌ನಲ್ಲಿ ಫಿರೋಜ್ ಹೀನಾಯವಾಗಿ ಸೋತ. ಅಲ್ಲಿಂದ ಅವನ ಆರೋಗ್ಯವೂ ಹೋಯಿತು, ಹಿಡಿತವೂ ಹೋಯಿತು. ಆಡಳಿತ ಇಬ್ಬರು ಆಪ್ತರ ಕೈಗೆ ಬಿತ್ತು. ತಮ್ಮ ಅಹ್ಮದನ ಕಣ್ಣು ಕೀಳಿಸಿದರೆ ರಾಜಕುಮಾರನಿಗೆ ದಾರಿ ಸಲೀಸು ಅಂತ ಅವರು ಲೆಕ್ಕ ಹಾಕಿದರು. ಸುದ್ದಿ ಸಿಕ್ಕ ಅಹ್ಮದ್ ರಾತ್ರೋರಾತ್ರಿ ಕಲಬುರಗಿ ಬಿಟ್ಟ. ಅವನ ಬೆನ್ನಿಗೆ ನಿಂತವನು ಬಸ್ರಾ ಮೂಲದ ಕುದುರೆ ವ್ಯಾಪಾರಿ ಖಲಫ್ ಹಸನ್.

ಚರಿತ್ರೆಕಾರ ಫೆರಿಷ್ತಾ ದಾಖಲಿಸಿದ ಕಥೆ ಸ್ವಾರಸ್ಯದ್ದು. ಅಹ್ಮದನ ಬಳಿ ಜನ ಕಡಿಮೆ, ಬೆನ್ನಟ್ಟಿ ಬಂದ ಸೈನ್ಯ ದೊಡ್ಡದು. ಆಗ ಖಲಫ್ ಹಸನ್, ದವಸ ಹೊತ್ತು ತಿರುಗುತ್ತಿದ್ದ ಬಂಜಾರರ ಎತ್ತುಗಳನ್ನು ಕೊಂಡು, ಅವುಗಳ ಮೇಲೆ ಬಾವುಟ ಹಿಡಿದ ಆಳುಗಳನ್ನು ಕೂರಿಸಿದ. ದೂರದಿಂದ ಅದು ನೆರವಿಗೆ ಬರುತ್ತಿರುವ ಅಶ್ವಸೈನ್ಯದಂತೆ ಕಂಡಿತು. ಎದುರಾಳಿಗಳು ಎದೆಗುಂದಿದರು, ಅಹ್ಮದ್ ಗೆದ್ದ. ಪಲ್ಲಕ್ಕಿಯಲ್ಲಿ ಬಂದ ಕಾಯಿಲೆಯ ಅಣ್ಣ ಕೊನೆಗೆ ಕೋಟೆ ಬಾಗಿಲು ತೆರೆಸಿ ಅಧಿಕಾರ ಬಿಟ್ಟುಕೊಟ್ಟ. 1422ರ ಸೆಪ್ಟೆಂಬರ್‌ನಲ್ಲಿ ಅಹ್ಮದ್ ಸುಲ್ತಾನನಾದ. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡ. ನವೆಂಬರ್ ಮೊದಲ ದಿನ ಗೇಸುದರಾಜರೂ ಹೋದರು. ಖಲಫ್ ಹಸನ್‌ಗೆ ವರ್ತಕರ ಒಡೆಯ ಎಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಪದವಿ ದಕ್ಕಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಹ್ಮದ್ ಶಾನನ್ನು ಸಂತ ಅಂತ ಕರೆದ ಮಾತ್ರಕ್ಕೆ ಅವನ ಕೈಗಳು ಶುದ್ಧ ಅಂತಲ್ಲ. ಪಟ್ಟಕ್ಕೆ ಬಂದ ಕೂಡಲೇ ವಿಜಯನಗರದ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ ಅವನ ಸೈನ್ಯ ಹಳ್ಳಿಗಳ ಸಾಮಾನ್ಯ ಜನರನ್ನೂ ಬಿಡಲಿಲ್ಲ, ಕೊಂದ ತಲೆಗಳ ಲೆಕ್ಕ ಇಟ್ಟು ಹಬ್ಬ ಮಾಡಿತು ಎಂದು ಫೆರಿಷ್ತಾನೇ ಬರೆಯುತ್ತಾನೆ. ಆಮೇಲೆ ವಾರಂಗಲ್ ಕೂಡ ಅವನ ಕೈಸೇರಿತು. ಯಾರನ್ನೂ ಮೂರ್ತಿ ಮಾಡಿ ಪೂಜೆಗೆ ಕೂರಿಸುವ ಅಗತ್ಯ ನಮಗಿಲ್ಲ. ಬದುಕಿನಿಂದ ಕಲಿಯಲು ಪೂಜೆ ಬೇಕಾಗಿಲ್ಲ.

ಮಳೆ ಕೇಳಿದ ದೊರೆ

ಅವನ ಆಳ್ವಿಕೆಯ ಮೊದಲ ವರ್ಷಗಳಲ್ಲೇ ಮಳೆ ಕೈಕೊಟ್ಟಿತು. ಬಾವಿ ಕೆರೆಗಳು ಒಣಗಿದವು, ದನಕರು ಸತ್ತವು. ಸುಲ್ತಾನ ಸರ್ಕಾರಿ ಕಣಜಗಳನ್ನು ತೆರೆಸಿ ಬಡವರಿಗೆ ದವಸ ಹಂಚಿಸಿದ. ಮರುವರ್ಷವೂ ಮೋಡ ಬರಲಿಲ್ಲ. ಮೌಲ್ವಿಗಳ ಪ್ರಾರ್ಥನೆಗೂ ಮಳೆ ಬೀಳಲಿಲ್ಲ. ಜನ ಸುಲ್ತಾನನ ಕಾಲ್ಗುಣದ ಬಗ್ಗೆಯೇ ಪಿಸುಗುಡತೊಡಗಿದರು. ಆಗ ಅವನು ಊರ ಹೊರಗಿನ ಒಂದು ದಿಬ್ಬ ಹತ್ತಿ, ನೆಲಕ್ಕೆ ಹಣೆ ಹಚ್ಚಿ ಅತ್ತು ಬೇಡಿದ, ಮೋಡ ಕವಿಯಿತು, ಮಳೆ ಸುರಿಯಿತು ಅನ್ನುವುದು ಕಥೆ. ಅವನಿಗೆ ವಲಿ ಅನ್ನುವ ಹೆಸರು ಅಂಟಿಕೊಂಡದ್ದು ಹೀಗೆ.

ಪ್ರಾರ್ಥನೆಯಿಂದ ಮಳೆ ಬಂತಾ ಅನ್ನುವ ಚರ್ಚೆ ಇಲ್ಲಿ ಬೇಡ. ಆ ಕಥೆಯೊಳಗಿನ ರಾಜಕೀಯ ನೋಡಿ. ನೀರು ಇಲ್ಲದಿದ್ದರೆ ಜನ ದೊರೆಯನ್ನು ಹೊಣೆ ಮಾಡುತ್ತಿದ್ದರು. ದೊರೆಯೂ ಹೊಣೆ ಹೊತ್ತು ಕಣಜ ತೆರೆಯಬೇಕಿತ್ತು, ದಿಬ್ಬ ಹತ್ತಬೇಕಿತ್ತು. ಇವತ್ತು ಕೆರೆ ಬತ್ತಿದರೆ ನಾವು ಹವಾಮಾನವನ್ನು ಬೈದು ಸುಮ್ಮನಾಗ್ತೀವಿ. ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗಿ ಕೇಳುವುದು ಅಪರೂಪ.

ಬೀದರ್‌ನ ನೆಲದ ಗುಟ್ಟು

ಆಮೇಲೆ ಅವನು ರಾಜಧಾನಿಯನ್ನು ಬೀದರ್‌ಗೆ ಬದಲಿಸಿದ. 1424 ಅಂತ ಕೆಲವು ವಿದ್ವಾಂಸರು, 1429-30 ಅಂತ ಇನ್ನು ಕೆಲವರು ಹೇಳುತ್ತಾರೆ. ಬೀದರ್ ಕೋಟೆಯೊಳಗಿನ ಸೋಲಾಕಂಬ ಮಸೀದಿಯ ಶಾಸನ 1423-24ರದ್ದು. ಕೋಟೆಯ ಕೆಲಸ ಮುಗಿದದ್ದು 1432ರ ಸುಮಾರಿಗೆ. ಅಂದರೆ ಇದು ಒಂದು ದಿನದ ಹುಕುಂ ಅಲ್ಲ, ವರ್ಷಗಟ್ಟಲೆ ನಡೆದ ಸ್ಥಳಾಂತರ. ಹೊಸ ರಾಜಧಾನಿಗೆ ಮುಹಮ್ಮದಾಬಾದ್ ಎಂದು ಹೆಸರಿಟ್ಟ.

ಯಾಕೆ ಹೋದ? ಬೇಟೆಗೆ ಹೋದಾಗ ಅಟ್ಟಿಸಿಕೊಂಡು ಬಂದ ನಾಯಿಗಳ ಮೇಲೆ ನರಿಯೊಂದು ತಿರುಗಿ ಬಿತ್ತು, ಈ ನೆಲದಲ್ಲಿ ಗಂಡುತನ ಇದೆ ಅಂತ ಸುಲ್ತಾನ ಅಲ್ಲೇ ನೆಲೆ ನಿಂತ ಅನ್ನುವುದು ಜನಪ್ರಿಯ ಕಥೆ. ಇಂಥ ಕಥೆ ಹಂಪಿಗೂ ಇದೆ, ಬೇರೆ ಊರುಗಳಿಗೂ ಇದೆ. ನಿಜವಾದ ಕಾರಣಗಳು ಹಲವು. ಕಲಬುರಗಿಯಲ್ಲಿ ಅಣ್ಣನ ಪಕ್ಷದ ಅಮೀರರು ಇದ್ದರು. ಅರಮನೆಯ ರಕ್ತದ ಕಲೆ ಹಳೆಯದಾಗಿತ್ತು. ತೆಲಂಗಾಣದ ಕಡೆಗೆ ಬೆಳೆದ ರಾಜ್ಯಕ್ಕೆ ಬೀದರ್ ನಡುವಿನ ಊರಾಗಿತ್ತು. ಇದರ ಜೊತೆಗೆ ಹಳೆಯ ಬರಹಗಾರರು ಮತ್ತೆ ಮತ್ತೆ ಹೇಳುವ ಕಾರಣ ಇನ್ನೊಂದಿದೆ. ಅಲ್ಲಿನ ಗಾಳಿ ತಂಪು, ನೀರು ಸಮೃದ್ಧ, ಹಣ್ಣು ಹೂವಿನ ತೋಟಗಳು ಹೇರಳ.

ಇದು ಬರೀ ಹೊಗಳಿಕೆ ಅಲ್ಲ, ಭೂಗೋಳ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಎರೆ ಮಣ್ಣಿನ ಬಯಲಿನಲ್ಲಿ ಇದೆ. ಬೀದರ್ ಇನ್ನೂ 200 ಮೀಟರ್‌ಗೂ ಮೇಲೆ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತಿದೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗಿನ ಗಟ್ಟಿ ಕಪ್ಪು ಬಂಡೆ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಹಾಗಾಗಿ ಪ್ರಸ್ಥಭೂಮಿಯ ಅಂಚುಗಳಲ್ಲಿ ಒರತೆಗಳು ಹುಟ್ಟುತ್ತವೆ. ನರಸಿಂಹ ಝರಣಿ, ನಾನಕ್ ಝೀರಾ, ಪಾಪನಾಶ ಇವೆಲ್ಲ ಅಂಥ ಜಾಗಗಳು. ನೌಬಾದ್‌ನಲ್ಲಿ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂತಹ ಬಾಯಿ ಬಿಟ್ಟು, ಒರತೆ ನೀರನ್ನು ಇಳಿಜಾರಿನಲ್ಲಿ ಹರಿಸುವ ಕರೇಜ್ ಇದೆ. ಪರ್ಶಿಯಾದಿಂದ ಬಂದ ಈ ವಿದ್ಯೆಯನ್ನು ಇಲ್ಲಿಗೆ ತಂದದ್ದು ಬಹಮನಿಗಳ ಕಾಲದಲ್ಲಿ ಅನ್ನುವ ನಂಬಿಕೆ ಗಟ್ಟಿಯಾಗಿದೆ.

ಈ ವ್ಯವಸ್ಥೆ ಕೆಲಸ ಮಾಡಬೇಕಾದರೆ ಒಂದು ಷರತ್ತು ಇದೆ. ಮೇಲಿನ ನೆಲ ನೀರು ಕುಡಿಯಬೇಕು. ಹುಲ್ಲು, ಪೊದೆ, ಮರ ಇದ್ದರೆ ಕುಡಿಯುತ್ತದೆ. ಕಾಂಕ್ರೀಟು ಹಾಕಿದರೆ ಕುಡಿಯಲ್ಲ. ಅರಮನೆಯ ತೋಟದ ಕಾರಂಜಿಗೆ ಆಧಾರ ಊರಾಚೆಯ ಬಯಲಿನ ಗಿಡಗಂಟಿ. ಆ ಸಂಬಂಧ ಕಂಡುಕೊಂಡವರು ಊರು ಕಟ್ಟಿದ್ದರಿಂದಲೇ ಬೀದರ್ ಉಳಿಯಿತು.

ಹಾಗಂತ ಬಹಮನಿಗಳು ಪರಿಸರವಾದಿಗಳಾಗಿದ್ದರು ಅನ್ನೋದು ಸುಳ್ಳಾಗುತ್ತೆ. ಅಷ್ಟು ದೊಡ್ಡ ಕೋಟೆಗೆ ಬೇಕಾದ ಸುಣ್ಣ ಸುಡಲು ಭಟ್ಟಿಗಳಿಗೆ ಸೌದೆ ಬೇಕಿತ್ತು. ಬಾಗಿಲು, ತೊಲೆ, ಗಾಡಿಗೆ ಮರ ಬೇಕಿತ್ತು. ಅದೆಲ್ಲ ಸುತ್ತಲ ಕಾಡಿನಿಂದಲೇ ಬಂದಿರಬೇಕು. ಪ್ರತಿ ರಾಜಧಾನಿಯೂ ತನ್ನ ಸುತ್ತಲಿನ ಕಾಡನ್ನು ತಿಂದೇ ಬೆಳೆಯುತ್ತದೆ. ತಿಂದದ್ದನ್ನು ವಾಪಸ್ ಬೆಳೆಸುತ್ತದಾ ಅನ್ನುವುದೇ ಮುಂದಿನ ತಲೆಮಾರಿನ ಪ್ರಶ್ನೆ.

ಅಹ್ಮದ್ ಶಾನ ಉಳಿದ ವರ್ಷಗಳು ಹೊಸ ಊರಿಗೆ ಜೀವ ತುಂಬುವುದರಲ್ಲಿ ಹೋದವು. ಕಿರ್ಮಾನಿನ ಸೂಫಿ ಶಾ ನಿಯಾಮತುಲ್ಲಾರಿಗೆ ಹೇಳಿ ಕಳಿಸಿದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಆಮೇಲೆ ಮಗ ಖಲೀಲುಲ್ಲಾರೇ ಬಂದರು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಅವರ ಸಮಾಧಿ. ಪರ್ಶಿಯನ್ ಕವಿ ಆಜರಿ ಬಂದು ಅರಮನೆಯ ಮೇಲೆ ಕವಿತೆ ಬರೆದ. ಹೊರಗಿನಿಂದ ಬಂದವರು ಮತ್ತು ಸ್ಥಳೀಯ ದಖನಿಗಳ ನಡುವೆ ಆಗಲೇ ಹೊಗೆಯಾಡುತ್ತಿದ್ದ ಜಗಳ ಮುಂದೆ ರಾಜ್ಯವನ್ನೇ ಸುಟ್ಟಿತು. ಗುಜರಾತಿನ ಜೊತೆಗಿನ ಯುದ್ಧದಲ್ಲಿ ಸೋಲೂ ಬಂತು. 1436ರಲ್ಲಿ ಅವನು ತೀರಿಕೊಂಡ. ಅಷ್ಟೂರಿನ ಅವನ ಗೋರಿಯ ಒಳಗೋಡೆ, ಗುಮ್ಮಟದ ತುಂಬ ಬಣ್ಣದ ಚಿತ್ತಾರ, ಚಿನ್ನದ ಅಕ್ಷರಗಳಿವೆ. ಆ ಬಳ್ಳಿ ಹೂಗಳು ಮಾಸಿದ್ದರೂ ಇವತ್ತಿಗೂ ಕಾಣುತ್ತವೆ.

ಉಳಿದವರ ಊರು

ರಾಜಧಾನಿ ಹೋಯಿತು ಅಂದರೆ ಜನ ಎಲ್ಲ ಹೋದರು ಅಂತಲ್ಲ. ದರ್ಬಾರು, ಅಮೀರರು, ಸೈನ್ಯ, ಖಜಾನೆ ಹೋದವು. ನೇಕಾರರು, ರೈತರು, ಕೂಲಿಗಳು, ಬಂದಾನವಾಜರ ದರ್ಗಾ ಇಲ್ಲೇ ಉಳಿದವು. ಆ ದರ್ಗಾದ ಗುಮ್ಮಟ ಕಟ್ಟಿಸಿದ್ದೂ ಊರು ಬಿಟ್ಟು ಹೋದ ಇದೇ ಅಹ್ಮದ್ ಶಾ. ಮುಂದೆ ಅರಳಗುಂಡಗಿಯ ರೈತ ಶರಣಬಸವೇಶ್ವರರು ಇಲ್ಲಿಗೆ ಬಂದು ದಾಸೋಹ ನಡೆಸಿದರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯೋಕೆ ನೀರಿಟ್ಟರು ಅನ್ನುವುದು ಅವರ ಬಗ್ಗೆ ಈ ಭಾಗದ ಮಕ್ಕಳು ಕೇಳುವ ಮೊದಲ ಕಥೆ. ಅವರ ಹೆಸರಿನ ಕೆರೆ, ಜನರ ಬಾಯಲ್ಲಿ ಅಪ್ಪನ ಕೆರೆ, ಊರ ನಡುವೆ ಇನ್ನೂ ಇದೆ. ದೊರೆ ಬಿಟ್ಟು ಹೋದ ಊರನ್ನು ಉಳಿಸಿದವರು ಇಂಥವರು.

ಈಗ ನಮ್ಮ ಸರದಿ. ಕಲಬುರಗಿ ಮತ್ತೆ ಒಂದು ರೀತಿಯ ರಾಜಧಾನಿ. ವಿಭಾಗ ಕೇಂದ್ರ, ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು, ವಿಮಾನ ನಿಲ್ದಾಣ. 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ದೊಡ್ಡ ಅನುದಾನ ಬರುತ್ತಿದೆ. 2023ರಲ್ಲಿ ಘೋಷಣೆಯಾದ ಪಿಎಂ ಮಿತ್ರ ಜವಳಿ ಪಾರ್ಕು ಸಾವಿರ ಎಕರೆಯದ್ದು. ಅದಕ್ಕೆ ಗುರುತಿಸಿದ ಜಾಗ ಹೊನ್ನಕಿರಣಗಿ ಸುತ್ತ, ಫಿರೋಜ್ ಕಟ್ಟಿದ ಆ ಹಾಳು ಊರಿನ ಕಡೆಗೇ. ಈ ಭಾಗದ ಯುವಜನರು ಕೆಲಸ ಹುಡುಕಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗ್ತಾರೆ. ಅಂಥವರಿಗೆ ಅಭಿವೃದ್ಧಿ ಬೇಡ ಅಂತ ಹೇಳುವ ಹಕ್ಕು ಎಸಿ ರೂಮಿನಲ್ಲಿ ಕೂತ ಯಾರಿಗೂ ಇಲ್ಲ. ಶತಮಾನಗಳ ಅಸಮಾನತೆ ತೀರಿಸಲು ರಸ್ತೆ ಬೇಕು, ಕಾರ್ಖಾನೆ ಬೇಕು, ಮನೆ ಬೇಕು.

ಆದರೆ ಬಿಸಿಲಿನ ವಿಷಯದಲ್ಲೂ ಅಸಮಾನತೆ ಇದೆ. ಬೇಸಿಗೆಯಲ್ಲಿ ಕಲಬುರಗಿ ಸೆಕೆ 44 ಡಿಗ್ರಿ ದಾಟುವುದು ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಒಳ್ಳೆಯದೇ. ಆದರೆ ಗಾರೆ ಕೆಲಸದವನಿಗೆ, ಪೌರಕಾರ್ಮಿಕಳಿಗೆ, ತಳ್ಳುಗಾಡಿಯವನಿಗೆ, ಡೆಲಿವರಿ ಹುಡುಗನಿಗೆ ಆ ಆದೇಶ ಅನ್ವಯಿಸುವುದಿಲ್ಲ. ಅವರಿಗೆ ಸಿಗುವ ಒಂದೇ ಸರ್ಕಾರಿ ಸೌಲಭ್ಯ ಅಂದರೆ ರಸ್ತೆ ಬದಿಯ ಬೇವಿನ ಮರದ ನೆರಳು. ರಸ್ತೆ ಅಗಲ ಆಗುವಾಗ ಮೊದಲು ಬೀಳುವುದೂ ಅದೇ.

ಯಾವ ಮರ, ಯಾರ ಮರ

ಮರ ಕಡಿದ ಮೇಲೆ ಸಸಿ ನೆಟ್ಟೆವು ಅಂತ ಲೆಕ್ಕ ಕೊಡುತ್ತಾರೆ. ಯಾವ ಸಸಿ ಅಂತ ಕೇಳುವವರು ಕಡಿಮೆ. ಅಹ್ಮದ್ ಶಾ ಕಲಬುರಗಿಯಿಂದ ಬೀದರ್‌ಗೆ ಹೋದಾಗ ದಾರಿಯಲ್ಲಿ ಒಂದೇ ಒಂದು ಗುಲ್‌ಮೊಹರ್ ಇರಲಿಲ್ಲ. ಅದು ಮಡಗಾಸ್ಕರ್‌ನದು, ನಮ್ಮಲ್ಲಿಗೆ ಬಂದದ್ದು ಶತಮಾನಗಳ ನಂತರ. ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು, ನೀಲಗಿರಿ ಆಸ್ಟ್ರೇಲಿಯಾದ್ದು. ಅವನು ನೋಡಿರಬಹುದಾದದ್ದು ಬೇವು, ಆಲ, ಅರಳಿ, ಅತ್ತಿ, ಬನ್ನಿ, ಮುತ್ತುಗ, ಕರಿಜಾಲಿ, ಹೊಂಗೆ, ಕಮರ, ಪತ್ರಿ. ಬರಗಾಲ ಕಂಡು ಕಂಡು ಗಟ್ಟಿಯಾದ ಮರಗಳಿವು. ಇವುಗಳ ಎಲೆ ಮೇಕೆಗೆ, ಹೂವು ಜೇನಿಗೆ, ಹಣ್ಣು ಹಕ್ಕಿಗೆ, ಬೀಜ ಎಣ್ಣೆಗೆ, ಕಡ್ಡಿ ಹಲ್ಲುಜ್ಜಲು. ದಸರೆಗೆ ಬನ್ನಿ ಎಲೆಯನ್ನೇ ಬಂಗಾರ ಅಂತ ಕೈಗೆ ಕೊಟ್ಟು ನಮಸ್ಕರಿಸುವ ಊರು ನಮ್ಮದು. ಆದರೆ ಹೊಸ ಲೇಔಟಿನ ಪಾರ್ಕಿನಲ್ಲಿ ಬನ್ನಿ ಮರ ಹುಡುಕಿ ನೋಡಿ.

ಪರದೇಶದ ಗಿಡ ಎಲ್ಲ ಕೆಟ್ಟದ್ದು ಅಂತ ಹಟ ಹಿಡಿಯುವುದೂ ತಪ್ಪು. ಹುಣಸೆ ಮೂಲತಃ ಆಫ್ರಿಕಾದ್ದು, ಸೀತಾಫಲ ಅಮೆರಿಕದ್ದು. ಇವತ್ತು ಅವಿಲ್ಲದೆ ನಮ್ಮ ಸಾರೂ ಇಲ್ಲ, ಸಂತೆಯೂ ಇಲ್ಲ. ಗಿಡಗಳಿಗೆ ಪೌರತ್ವ ಪರೀಕ್ಷೆ ಮಾಡುವುದು ನಮ್ಮ ಉದ್ದೇಶವಾಗಬಾರದು. ಈ ನೆಲದ ನೀರು, ಹಕ್ಕಿ, ದನ, ಜನರ ಜೊತೆ ಬಾಳುತ್ತದಾ ಅಥವಾ ಎಲ್ಲವನ್ನೂ ತಳ್ಳಿ ತಾನೊಂದೇ ಬೆಳೆಯುತ್ತದಾ ಅನ್ನುವುದೇ ಅಳತೆಗೋಲು. ಹುಣಸೆ ಬಾಳಿತು. ಬಳ್ಳಾರಿ ಜಾಲಿ ಕೆರೆ ಅಂಗಳಗಳನ್ನೇ ನುಂಗಿತು. ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಬೇಗ ಹಸಿರು ಕಾಣುತ್ತೆ ಅಂತ ನಗರಗಳೆಲ್ಲ ಸಾಲಾಗಿ ನೆಟ್ಟ ಕಾನೋಕಾರ್ಪಸ್ ಅನ್ನು ಗುಜರಾತ್ 2023ರಲ್ಲಿ ನಿಷೇಧಿಸಿತು.

ಸುಲ್ತಾನನ ದಾರಿಯಲ್ಲೇ ಒಮ್ಮೆ ಹೋಗಿ ನೋಡಿ. ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಎರೆ ಬಯಲು ಮುಗಿದು ಕೆಂಪು ಮಣ್ಣು, ದಿಬ್ಬ, ಕಣಿವೆ ಶುರುವಾಗುವುದು ಈ ಸುತ್ತಿನಲ್ಲಿ. ಬೀದರ್ ರೈಲು ಮಾರ್ಗ ಮರಗುತ್ತಿ ಬಳಿ ಗುಡ್ಡ ಕೊರೆದ ಸುರಂಗದಲ್ಲಿ ಹಾದು ಹೋಗುತ್ತದೆ. 2017ರ ಅಕ್ಟೋಬರ್‌ನಲ್ಲಿ ಆ ಮಾರ್ಗ ಪೂರ್ತಿ ತೆರೆದಾಗ ದಶಕಗಳ ಬೇಡಿಕೆ ಈಡೇರಿತು. ಭೌಗೋಳಿಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಈ ಮಣ್ಣು, ಈ ಕಣಿವೆಯ ತೇವದ ಕೂಸು. ಬೇರೆ ಕಡೆ ನೆಟ್ಟರೆ ಅದೇ ಬಣ್ಣ, ಅದೇ ರುಚಿ ಬರಲ್ಲ ಅಂತ ಅಲ್ಲಿನ ರೈತರು ಹೆಮ್ಮೆಯಿಂದ ಹೇಳ್ತಾರೆ. ಸುತ್ತಲ ದಿಬ್ಬಗಳ ಕುರುಚಲು ಬೋಳಾದರೆ, ಮೊರಂ ಅಗೆದು ಸಾಗಿಸಿದರೆ, ಆ ತೇವ ಎಷ್ಟು ದಿನ ನಿಲ್ಲುತ್ತೆ?

ಇನ್ನೂ ಪೂರ್ವಕ್ಕೆ ಹೋದರೆ ಚಿಂಚೋಳಿ ಕಾಡು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಅಭಯಾರಣ್ಯ ಅಂತ ಘೋಷಿಸಿದರು. ಒಣ ನಾಡಿನಲ್ಲಿ ಉಳಿದ ಅಪರೂಪದ ಎಲೆ ಉದುರುವ ಕಾಡು ಅದು. ನಮ್ಮ ನಗರದ ನರ್ಸರಿಗಳಿಗೆ ಬೇಕಾದ ಬೀಜದ ಕಣಜವೂ ಅದೇ ಆಗಬೇಕು. ಅಲ್ಲಿನ ತಾಂಡಾಗಳ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಬಂಜಾರರ ಎತ್ತುಗಳ ಮೇಲೆ ಸವಾರಿ ಮಾಡಿ ಪಟ್ಟಕ್ಕೆ ಬಂದ ಸುಲ್ತಾನನ ಕಥೆ ಹೇಳುತ್ತಾ, ಇವತ್ತಿನ ಲಂಬಾಣಿ ಕುಟುಂಬಗಳನ್ನು ಒಪ್ಪಿಗೆ, ಪರಿಹಾರ ಇಲ್ಲದೆ ಕಾಡಿನಿಂದ ಎಬ್ಬಿಸುವುದನ್ನು ಒಪ್ಪಲಾಗದು. 2006ರ ಅರಣ್ಯ ಹಕ್ಕು ಕಾಯ್ದೆ ಇರುವುದು ಅದಕ್ಕೇ.

ಕೇಳುವ ಹಕ್ಕು

ಅಹ್ಮದ್ ಶಾನ ಕಾಲದಲ್ಲಿ ಊರು ಎಲ್ಲಿರಬೇಕು, ಹೇಗಿರಬೇಕು ಅನ್ನುವುದನ್ನು ಒಬ್ಬನೇ ನಿರ್ಧರಿಸುತ್ತಿದ್ದ. ನಮಗೆ ಕಾನೂನು ಇದೆ, ಬಳಸುವ ಅಭ್ಯಾಸ ಇಲ್ಲ. ನಗರದಲ್ಲಿ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಲೇಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು 1985ರ ಕಾಯ್ದೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಾಲಿಕೆಯಿಂದ ಗ್ರಾಮ ಪಂಚಾಯಿತಿವರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ನಗರದ ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗೆ, ನನಗೆ ಎಲ್ಲರಿಗೂ ಇದೆ.

ಹಾಗಾದರೆ ಕಲಬುರಗಿ ಪಾಲಿಕೆಯಲ್ಲಿ, ಕಮಲಾಪುರದ ಪಂಚಾಯಿತಿಯಲ್ಲಿ ಆ ದಾಖಲೆ ಪುಸ್ತಕ ತೋರಿಸಿ ಅಂತ ಒಂದು ಅರ್ಜಿ ಹಾಕೋಣ. ರಸ್ತೆ ಟೆಂಡರಿನಲ್ಲೇ ಎರಡೂ ಬದಿಯ ಸಾಲುಮರಕ್ಕೆ ಜಾಗ, ದುಡ್ಡು, ಮೂರು ವರ್ಷ ನೀರು ಹಾಕುವ ಹೊಣೆ ಸೇರಿಸಿ ಅಂತ ಕೇಳೋಣ. ಜವಳಿ ಪಾರ್ಕಿನ ಸಾವಿರ ಎಕರೆಯಲ್ಲಿ ಹಸಿರಿಗೆ ಬಿಡುವ ಪಾಲಿನಲ್ಲಿ ಹುಲ್ಲುಹಾಸು ಬೇಡ, ಈ ನೆಲದ ಮರ ಇರಲಿ ಅನ್ನೋಣ. ಇವು ಅಭಿವೃದ್ಧಿಗೆ ಅಡ್ಡಗಾಲಲ್ಲ. ಅಭಿವೃದ್ಧಿ ಮಾಡಿದ ಊರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮನುಷ್ಯ ನಡೆದಾಡಬಹುದಾ ಅನ್ನುವ ಪ್ರಶ್ನೆ ಅಷ್ಟೇ.

ದೊರೆಗಳಿಗೆ ಊರು ಹಿಡಿಸದಿದ್ದರೆ ಇನ್ನೊಂದು ಊರು ಇತ್ತು. ಇವತ್ತಿಗೂ ದುಡ್ಡಿರುವವರಿಗೆ ಬೆಂಗಳೂರಿನ ಫ್ಲಾಟಿದೆ, ಹೈದರಾಬಾದಿನ ವಿಲ್ಲಾ ಇದೆ. ಉಳಿದವರಿಗೆ ಇರುವುದು ಇದೇ ಕಲಬುರಗಿ. ಬರುವ ವರ್ಷವೂ ಹೋಳಿ ಮುಗಿದ ಮೇಲೆ ಮಾಡಿಯಾಳದ ಜನ ಅಷ್ಟೂರಿಗೆ ನಡೆಯುತ್ತಾರೆ. ಊರು ಬಿಟ್ಟು ಹೋದ ಸುಲ್ತಾನನನ್ನು ಅವರು ಯಾವತ್ತೋ ಕ್ಷಮಿಸಿದ್ದಾರೆ. ದಾರಿಯಲ್ಲಿ ಕೂತು ಬುತ್ತಿ ಬಿಚ್ಚಲು ಒಂದು ಮರ ಇಲ್ಲದಂತೆ ಮಾಡಿದವರನ್ನು ಕ್ಷಮಿಸುತ್ತಾರಾ, ಗೊತ್ತಿಲ್ಲ.